ನೆನೆಸಿದ ಹಿಡಿ ಅಕ್ಕಿ

ಜೋಗುಪಾಳ್ಯದ ನಮ್ಮ ಚರ್ಚಿನಲ್ಲಿ ಹಿಡಿ ಅಕ್ಕಿಯ ಪದ್ಧತಿಯಿದೆ. ಅನ್ನಕ್ಕಿಡುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ಎತ್ತಿಡಬೇಕು. ಮನೆಮನೆ ತಿರುಗಿ ಅದನ್ನು ಡಬ್ಬಕ್ಕೆ ತುಂಬಿಸಿಕೊಳ್ಳುವುದು ನನ್ನ ಕೆಲಸ. ಭಾನುವಾರ ಬೇಯಿಸಿ, ಕೇರಿಯಲ್ಲಿ ಹಸಿದವರಿಗೆಲ್ಲ ಬಡಿಸುತ್ತೇವೆ. "ಸಹಾಯಮೇರಿ ಬಂದ್ಳು, ಬಾಗ್ಲು ಹಾಕ್ಕೊಳ್ಳಿ" ಎಂದು ರೇಗಿಸುವವರೂ ಹಿಡಿ ತುಂಬ ಕೊಡುತ್ತಾರೆ.

ನನಗೆ ತಲೆನೋವು ಎದುರು ಮನೆಯ ಆಬಿದಾ. ಗಂಡ ಚಾಂದ್ ಪಾಷಾ ತೀರಿಕೊಂಡ ಮೇಲೆ ಅವಳು ಒಲೆ ಹಚ್ಚಿದ್ದನ್ನು ನಾನು ಕಂಡಿಲ್ಲ. ನಮಗೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ, ಅವಳಿಗೆ ರಂಜಾನ್. ದಿನವಿಡೀ ಉಪವಾಸ, ಸಂಜೆ ಒಂದು ಖರ್ಜೂರ, ನೀರು, ಅಷ್ಟೇ. ಊಟ ಒಯ್ದರೆ, "ಕೈಚಾಚೋ ಅಭ್ಯಾಸ ಇಲ್ಲ ರೀ" ಎಂದು ಪಾತ್ರೆ ವಾಪಸ್. ಹಠಮಾರಿ ಹೆಂಗಸು! ಬೈದುಕೊಂಡು ಮನೆಗೆ ಬಂದೆ, ಬಂದು ಅತ್ತೆ. ಹೀಗೇ ಬಿಟ್ಟರೆ ಹಬ್ಬದ ತನಕ ಉಳಿಯಲಾರಳು ಎನ್ನಿಸಿತು.

ಒಂದು ಮಧ್ಯಾಹ್ನ ಡಬ್ಬ ಹಿಡಿದು ಅವಳ ಬಾಗಿಲಲ್ಲಿ ನಿಂತೆ.

"ಈ ಸಲ ಅಕ್ಕಿ ಕಮ್ಮಿ ಬಿದ್ದಿದೆ. ನೀವೂ ಒಂದು ಹಿಡಿ ಕೊಡಿ."

ಆಬಿದಾ ಕಣ್ಣರಳಿಸಿದಳು. ಅವಳನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ತಕ್ಷಣ ಒಳಗೆ ಹೊರಟಳು.

"ಹಾಗಲ್ಲ," ಎಂದೆ. "ಒಲೆ ಹಚ್ಚಿದ ಮನೇದೇ ಆಗ್ಬೇಕು. ಅಡುಗೆಗೆ ಅಳೆದಿದ್ರಲ್ಲೇ ಎತ್ತಿಡಿ. ಸಂಜೆ ಬರ್ತೀನಿ."

ಒಲೆ ಹಚ್ಚಿರಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ತಪಸ್ಸುಕಾಲದಲ್ಲಿ ಸುಳ್ಳು! ದೇವರು ಕ್ಷಮಿಸಲಿ.

ಸಂಜೆ ಹೋದರೆ ಒಲೆ ತಣ್ಣಗೇ ಇತ್ತು. ಆಬಿದಾ ಮಾತ್ರ ಹೆಮ್ಮೆಯಿಂದ ಬಟ್ಟಲು ಮುಂದಿಟ್ಟಳು.

"ಒಲೆ ಹಚ್ಚೋಕೆ ಮನಸ್ಸು ಬರ್ಲಿಲ್ಲ. ಆದ್ರೆ ದೇವರ ಮನೆಗೆ ಹೋಗೋ ಅಕ್ಕಿ ಅಲ್ವಾ? ಚೆನ್ನಾಗಿ ತೊಳೆದು ನೆನೆಸಿಟ್ಟಿದ್ದೀನಿ."

"ಅಯ್ಯೋ ಪುಣ್ಯಾತ್ಗಿತ್ತಿ! ಒದ್ದೆ ಅಕ್ಕಿ ಹಾಕಿದ್ರೆ ಡಬ್ಬದಲ್ಲಿರೋದೆಲ್ಲ ಮುಗ್ಗಿಹೋಗುತ್ತೆ."

ಅವಳ ಮುಖ ಚಿಕ್ಕದಾಯಿತು. "ಹಾಗಾದ್ರೆ ಚೆಲ್ಬೇಕಾ?"

"ಅಕ್ಕಿ ಯಾರಾದ್ರೂ ಚೆಲ್ತಾರಾ? ಈಗ್ಲೇ ಬೇಯಿಸ್ಬೇಕು."

ಅವಳು ಬಟ್ಟಲನ್ನೂ ಒಲೆಯನ್ನೂ ನೋಡುತ್ತ ನಿಂತಳು. ನಾನು ಕೈಕಟ್ಟಿ ಕೂತೆ. ಕಡೆಗೆ ಅವಳೇ ಕಡ್ಡಿ ಗೀರಿದಳು.

ಬೆಳ್ಳುಳ್ಳಿ, ಮೆಂತ್ಯ ಹಾಕಿದ ತೆಳು ಗಂಜಿ ಕುದಿಯುವಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿತು. ಆಬಿದಾ ಖರ್ಜೂರ ಬಾಯಿಗಿಟ್ಟುಕೊಂಡು, ಎರಡು ಬಟ್ಟಲಿಗೆ ಗಂಜಿ ಬಗ್ಗಿಸಿದಳು. ನಾಲ್ಕು ಗುಟುಕು ಕುಡಿದು, "ಅವ್ರಿಗೆ ಇದು ತುಂಬ ಇಷ್ಟ," ಎಂದು ಬಿಕ್ಕಿದಳು. ನಾನೂ ಅತ್ತೆ. ಅಳುತ್ತಲೇ ಇಬ್ಬರೂ ಬಟ್ಟಲು ಖಾಲಿ ಮಾಡಿದೆವು.

ನಾನು ಏಳುವಾಗ ಕೇಳಿದಳು, "ಒಲೆ ಹಚ್ಚಿದ ಮನೇದೇ ಆಗ್ಬೇಕು ಅಂದಿದ್ದು ಸುಳ್ಳು ತಾನೆ?"

"ಹೌದು," ಎಂದೆ.

"ಇರ್ಲಿ. ನಾಳೆ ಬನ್ನಿ. ಅನ್ನಕ್ಕಿಡೋ ಮುಂಚೆ ಒಣ ಅಕ್ಕಿ ಎತ್ತಿಟ್ಟಿರ್ತೀನಿ."