ಪಾಠ ನಾಲ್ಕು: ಕುಶಲ ವಿಚಾರಿಸುವುದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಮೊದಲ ಪುಟದಲ್ಲೇ ಕರ್ಚೀಫು ತೆಗೆಯುತ್ತೀರಿ, ಆಮೇಲೆ ನನ್ನ ಕೈಗೆ ಸಿಗುವುದಿಲ್ಲ. 'ಸಂಜೆ ಆರು ಗಂಟೆ, ಕ್ಲಾಸಿನ ಟ್ಯೂಬ್‌ಲೈಟು ಮಿಣುಕುತ್ತಿತ್ತು' ಎಂದು ಬರೆದೆ. ಹೊಡೆದುಹಾಕಿದೆ. ಕಥೆಗಳಲ್ಲಿ ಟ್ಯೂಬ್‌ಲೈಟು ಸರಿಯಾಗಿ ಉರಿದದ್ದನ್ನು ನಾನಂತೂ ಕಂಡಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಒಬ್ಬ ಟೀಚರ್ ಇದ್ದಾರೆ. ಹೊಟ್ಟೆಪಾಡಿಗೆ ದೂರದಿಂದ ಬಂದವರಿಗೆ ಇಪ್ಪತ್ತೆರಡು ವರ್ಷದಿಂದ ಈ ಊರಿನ ಭಾಷೆ ಕಲಿಸುತ್ತಿದ್ದಾರೆ. ಅವರ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅದಕ್ಕೆ ತನ್ನ ಪಾಠವೇ ಕಾರಣ ಎಂದು ಟೀಚರ್ ನಂಬಿದ್ದಾರೆ. ಆ ಮಾತನ್ನು ಅವಳ ಗಂಡನೆದುರು, ಅವನಿಗೆ ಅರ್ಥವಾಗುವ ಹಾಗೆ, ಹೇಳಬೇಕು. (ಸಸ್ಪೆನ್ಸ್ ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಿ.)

೨

ಟೀಚರ್ ಪದ್ಧತಿ ಹೀಗೆ: ಒಂದು ವಾಕ್ಯ ಎಲ್ಲರ ಬಾಯಲ್ಲೂ ಸರಿಯಾಗಿ ಬರುವವರೆಗೆ ಮುಂದಿನ ವಾಕ್ಯವಿಲ್ಲ. ಹದಿನಾಲ್ಕು ಜನ ಒಟ್ಟಿಗೆ ಹೇಳಬೇಕು. ಟೀಚರ್ ಕಣ್ಣು ಮುಚ್ಚಿ ಕೇಳುತ್ತಾರೆ, ಒಂದೇ ಒಂದು ಅಪಸ್ವರ ಬಂದರೂ "ಇನ್ನೊಂದ್ಸಲ" ಎನ್ನುತ್ತಾರೆ. ಅಡಿಪಾಯ ಗಟ್ಟಿಯಿರಬೇಕು ಎಂಬುದು ಅವರ ವಾದ. ಮೊಂಡುತನ ಎಂಬುದು ಅವರ ಸಹೋದ್ಯೋಗಿಗಳ ವಾದ.

ಆ ವರ್ಷ ಪಾಠ ನಾಲ್ಕರಲ್ಲೇ ಮೂರು ವಾರ ಗಾಡಿ ನಿಂತಿತು. ಕಾರಣ ಇಸ್ತ್ರಿಯಮ್ಮ. ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಿದ್ದವಳಿಗೆ ಕ್ಲಾಸಿನವರು ಇಟ್ಟ ಹೆಸರು ಅದು. 'ಹೇಗಿದ್ದೀರಿ?' 'ಚೆನ್ನಾಗಿದ್ದೇನೆ, ಧನ್ಯವಾದ. ನೀವು?' ಅಷ್ಟೇ ಪಾಠ. ಅವಳ ನಾಲಿಗೆ ಹೊರಳದು. ಟೀಚರ್ ಬಿಡರು. ಕೊನೆಗೊಂದು ದಿನ, ನಗುಮುಖದ ಸಮೇತ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಕ್ಲಾಸೇ ಚಪ್ಪಾಳೆ ತಟ್ಟಿತು. ಟೀಚರ್ ಹತ್ತಕ್ಕೆ ಹತ್ತು ಕೊಟ್ಟರು.

'ವೈದ್ಯರ ಬಳಿ' ಎಂಬುದು ಪಾಠ ಒಂಬತ್ತು.

೩

ಹೊಟ್ಟೆ ಹಿಡಿದುಕೊಂಡು ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು, ಗಂಡನಿಗೆ ಗೋದಾಮಿನಲ್ಲಿ ಪಾಳಿ ಇತ್ತು. ಬೆರಳಿಟ್ಟು ತೋರಿಸಿದಳು. ಒಂದು ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಎರಡು ಗಂಟೆ ಬಿಟ್ಟು ಡಾಕ್ಟರು ಬಂದು ಕೇಳಿದರು, "ಈಗ ಹೇಗಿದ್ದೀರಿ?"

ಅವಳು ನಗುಮುಖದಿಂದ, ಒಂದಕ್ಷರ ತಪ್ಪದೆ, ಉತ್ತರ ಹೇಳಿದಳು. ಡಾಕ್ಟರರ ಕುಶಲವನ್ನೂ ವಿಚಾರಿಸಿದಳು. ಮನೆಗೆ ಕಳಿಸಿದರು. ಒಳಗೆ ಕರುಳು ಒಡೆದಿತ್ತು. ಮೂರನೇ ದಿನ ಹೋಗಿಬಿಟ್ಟಳು.

ಕ್ಲಾಸಿನಲ್ಲಿ ಇದನ್ನು ಹೇಳಿದವನು ಅವಳದೇ ಭಾಷೆಯ ಸಹಪಾಠಿ, ಒಬ್ಬ ಬಸ್ ಡ್ರೈವರ್. ನಡುವೆ ಅವನು ಎಷ್ಟೋ ತಪ್ಪು ಮಾಡಿದ. ಟೀಚರ್ ಒಂದನ್ನೂ ತಿದ್ದಲಿಲ್ಲ.

೩ (ಮತ್ತೆ)

ನನಗೆ ತಡೆಯಲಾಗಲಿಲ್ಲ. ಇನ್ನೊಂದು ಡ್ರಾಫ್ಟು ಬರೆದೆ: ಅನುಭವಸ್ಥ ನರ್ಸೊಬ್ಬಳು ಅವಳ ಹಣೆಯ ಬೆವರು ನೋಡಿ ಅನುಮಾನಪಡುತ್ತಾಳೆ, ಆಪರೇಷನ್ ಆಗುತ್ತದೆ, ಇಸ್ತ್ರಿಯಮ್ಮ ಬದುಕುತ್ತಾಳೆ.

"ನನಗೆ ಕೃಪಾಂಕ ಕೊಡ್ತಿದ್ದೀರಾ?" ಟೀಚರ್ ಕೇಳಿದರು.

"ಹೋಗಲಿ, ತಪ್ಪು ಡಾಕ್ಟರದು ಅಂತ ಬರೀಲಾ? ಅದು ಸುಳ್ಳೂ ಅಲ್ಲ."

"ಅವರ ಕಥೇಲಿ ಬರೀರಿ. ಇದು ನನ್ನದು."

"ಅಲ್ಲಮ್ಮ, ನೀವು ಕಲಿಸಿದ್ದು ಸರಿಯಾಗೇ ಇತ್ತಲ್ಲ?"

"ಸರಿಯಾಗಿತ್ತು. ಅದಕ್ಕೇ ಅವಳು ಸತ್ತಿದ್ದು. ಅರೆಬರೆ ಕಲಿಸಿದ್ರೆ ತಡವರಿಸ್ತಿದ್ಲು. ಡಾಕ್ಟರು ಇನ್ನೊಂದ್ಸಲ ಕೇಳ್ತಿದ್ರು."

ಡ್ರಾಫ್ಟನ್ನು ಹರಿದುಹಾಕಿದೆ.

೪

ಟೀಚರ್ ಡ್ರೈವರನ ಶಿಷ್ಯೆಯಾದರು. ಡಿಪೋದ ಹಿಂದೆ, ಅವನ ಊಟದ ವಿರಾಮದಲ್ಲಿ ಪಾಠ. ಅವನ ಭಾಷೆಯಲ್ಲಿ ಕಲಿಯಬೇಕಾದದ್ದು ಒಂದೇ ವಾಕ್ಯ: ನಿಮ್ಮ ಹೆಂಡತಿಯ ಸಾವಿಗೆ ನಾನು ಕಾರಣ.

ಹನ್ನೆರಡು ದಿನ ಹಿಡಿಯಿತು. ಗಂಟಲ ತಳದಿಂದ ಏಳಬೇಕಾದ ಒಂದು ಸದ್ದು ಮೂಗಿಗೆ ಏರುತ್ತಿತ್ತು. ತುತ್ತು ನುಂಗುತ್ತ ಡ್ರೈವರ್ "ಪರವಾಗಿಲ್ಲ ಬಿಡಿ ಟೀಚರ್, ಅರ್ಥ ಆಗುತ್ತೆ" ಎನ್ನುತ್ತಿದ್ದ. ಇಂಥ ಮಾತನ್ನು ತಾನು ಯಾರಿಗೂ ಹೇಳಿರಲಿಲ್ಲವಲ್ಲ ಎಂದು ಟೀಚರಿಗೆ ನಾಚಿಕೆಯಾಯಿತು. (ಇಲ್ಲಿ ಕಲಿಕೆಯ ಬಗ್ಗೆ ಒಂದು ಪ್ಯಾರಾ ತತ್ವ ಇತ್ತು. ತೆಗೆದೆ. ನಿಮ್ಮ ಪುಣ್ಯ.)

೬

(ಐದರಲ್ಲಿ ಟೀಚರ್ ಬಿಕ್ಕಿ ಬಿಕ್ಕಿ ಅಳುತ್ತಾರೆ. ಅವರು ಒಪ್ಪಲಿಲ್ಲ.)

ಒಂದೇ ಕೋಣೆಯ ಮನೆ. ಮಗಳು ಶಾಲೆಗೆ ಹೋಗಿದ್ದಳು. ಇದ್ದ ಒಂದೇ ಕುರ್ಚಿಯನ್ನು ಗಂಡ ಒರೆಸಿ ಕೊಟ್ಟ. ಟೀಚರ್ ಕೂರಲಿಲ್ಲ. ನಿಂತುಕೊಂಡೇ, ಕಣ್ಣು ಮುಚ್ಚಿ, ವಾಕ್ಯ ಒಪ್ಪಿಸಿದರು.

ಕಣ್ಣು ಬಿಟ್ಟಾಗ ಅವನು ತಲೆ ತಗ್ಗಿಸಿದ್ದ. ಈ ಊರಿನ ಭಾಷೆಯಲ್ಲಿ, ಒಂದೊಂದೇ ಪದ ಹುಡುಕುತ್ತ ಅಂದ: "ನಮ್ಮ ಭಾಷೆ... ಚೆನ್ನಾಗಿ ಮಾತಾಡ್ತೀರಿ."

ಅರ್ಥವಾಗಿಯೂ ಹಾಗಂದನೋ, ಆಗದೆಯೋ? ಟೀಚರ್ ನನ್ನ ಮುಖ ನೋಡಿದರು. ನಾನು ಅವನ ತಲೆಯೊಳಗೆ ಇಳಿಯಲು ಹೋದೆ, ಅವನು ಬಾಗಿಲು ತೆರೆಯಲಿಲ್ಲ. ಕ್ಷಮಿಸಿದ ಎಂದು ಬರೆಯಲಾರೆ. ಬೈದ ಎಂದಾದರೂ ಬರೆಯಿರಿ ಎಂದು ಟೀಚರ್ ಗೋಗರೆದರು. ಅದನ್ನೂ ಬರೆಯಲಾರೆ.

"ಮಗಳ ಸ್ಕೂಲು ಫೋನ್ ಮಾಡುತ್ತೆ," ಅವನೇ ಮುಂದುವರಿಸಿದ. "ಹೆಂಡತಿ ಮಾತಾಡ್ತಿದ್ಲು. ಈಗ ನಾನು. ಕ್ಲಾಸಿಗೆ ಬರ್ಲಾ?"

೭

ಸೋಮವಾರ ಅವನು ಅರ್ಧ ಗಂಟೆ ಮೊದಲೇ ಬಂದ. ಕೋಣೆಯಲ್ಲಿ ಟೀಚರ್ ಬಿಟ್ಟರೆ ಯಾರೂ ಇಲ್ಲ. ಹೊಸ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಹೊಸ್ತಿಲಲ್ಲೇ ನಿಂತ.

"ಹೆಂಡತಿ ಎಲ್ಲಿ ಕೂರ್ತಿದ್ಲು? ನಾನು ಅಲ್ಲಿ."

ಟೀಚರ್ ಹದಿನಾಲ್ಕು ಕುರ್ಚಿಗಳತ್ತ ತಿರುಗಿದರು. ಅವಳು ಯಾವ ಅಕ್ಷರವನ್ನು ನುಂಗುತ್ತಿದ್ದಳು, ಯಾವುದನ್ನು ಎಳೆಯುತ್ತಿದ್ದಳು, ಎಲ್ಲಿ ಉಸಿರು ತಪ್ಪುತ್ತಿತ್ತು, ಎಲ್ಲ ನೆನಪಿದೆ. ಕುರ್ಚಿ ಮಾತ್ರ ನೆನಪಾಗುತ್ತಿಲ್ಲ.

"ರೀ, ನೀವಾದ್ರೂ ಹೇಳಿ," ಅಂದರು ನನಗೆ.

ಗಡಿಬಿಡಿಯಲ್ಲಿ ಪುಟ ತಿರುವಿ ನೋಡಿದೆ. ಅವಳ ಕೆಲಸ ಬರೆದಿದ್ದೇನೆ, ನಾಲಿಗೆ ಬರೆದಿದ್ದೇನೆ, ನೋವು, ಸಾವು ಎರಡನ್ನೂ ಬರೆದಿದ್ದೇನೆ. ಆಸ್ಪತ್ರೆಯ ಬೆಂಚೊಂದನ್ನು ಬಿಟ್ಟರೆ ಅವಳನ್ನು ಎಲ್ಲೂ ಕೂರಿಸಿಲ್ಲ.

ಕಿಟಕಿ ಪಕ್ಕ, ಎರಡನೇ ಸಾಲು ಎಂದು ಈಗಲೂ ಸೇರಿಸಬಹುದು. ಸುಳ್ಳು ಹೇಳುವುದೇ ನನ್ನ ಕಸುಬು. ಟೀಚರ್ ಬೇಡವೆಂದು ತಲೆಯಾಡಿಸಿದರು. ಇನ್ನರ್ಧ ಗಂಟೆಗೆ ಡ್ರೈವರ್ ಬಂದು ಸಲೀಸಾಗಿ ಬೆರಳು ಮಾಡಿ ತೋರಿಸಿಯಾನು. ಆ ಅರ್ಧ ಗಂಟೆಯನ್ನು ಬರೆಯುವ ಧೈರ್ಯ ನನಗಿಲ್ಲ.

ಅವನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾನೆ.