ಬಾಗಿಲ ಮೇಲಿನ ಹದಿಮೂರು ಗುಳ್ಳೆ

ಭಾವನ ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷ ಜನರ ಪಕ್ಕ ಕೂತು ಕಾರು ಕಲಿಸಿದೆ. ಕಳೆದ ತಿಂಗಳು ಅವರು, ಇನ್ನು ಹೆಂಗಸರಿಗೂ ಗಂಡಸರೇ ಕಲಿಸಲಿ, ನೀನು ಫೋನ್ ಎತ್ತಿಕೊಂಡು ಕೂತಿರು ಎಂದರು. ಮೈಯೆಲ್ಲ ಉರಿದುಹೋಯಿತು. ಅವತ್ತೇ ಬಿಟ್ಟೆ. ಹಳೆಯ ಕಾರೊಂದನ್ನು ಕೊಂಡು, ಪಕ್ಕದ ಸೀಟಿನವರ ಕಾಲ ಬಳಿಯೂ ಬ್ರೇಕ್ ಹಾಕಿಸಿ, ಬಾಗಿಲಿಗೆ 'ಹೆಂಗಸರ ಡ್ರೈವಿಂಗ್ ಸ್ಕೂಲ್' ಎಂಬ ಕೆಂಪು ಸ್ಟಿಕ್ಕರ್ ಮಾಡಿಸಿದೆ.

ಅಂಟಿಸಲು ಬಂದವಳು ಅಕ್ಕ, ಅಂದರೆ ಭಾವನ ಹೆಂಡತಿ. ಡ್ರೈವಿಂಗ್ ಸ್ಕೂಲಿನ ಯಜಮಾನರ ಹೆಂಡತಿಗೆ ಇಪ್ಪತ್ತು ವರ್ಷದಲ್ಲಿ ಸ್ಟೀರಿಂಗ್ ಮುಟ್ಟುವ ಯೋಗ ಬಂದಿರಲಿಲ್ಲ. ಕೇಳಿದಾಗೆಲ್ಲ, ನಿನಗ್ಯಾಕೆ ಅದೆಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದರು. ನನ್ನ ಮೊದಲ ವಿದ್ಯಾರ್ಥಿ ಅವಳೇ, ಇವತ್ತು ಹತ್ತು ಗಂಟೆಗೆ. ಗಂಡನಿಗೆ ಹೇಳಿರಲಿಲ್ಲ.

ಅಕ್ಕ ಸ್ಟಿಕ್ಕರಿನ ಹಿಂದಿನ ಕಾಗದ ಎಳೆಯುತ್ತಾ, ಅಂಗೈಯಿಂದ ಒತ್ತುತ್ತಾ ಚೆನ್ನಾಗಿಯೇ ಹೋಗುತ್ತಿದ್ದಳು. ಹಾಳು ಬಾಯಿ ನನ್ನದು. ನಿಲ್ಲು, ನಿಧಾನ, ನಿಲ್ಲು ಎನ್ನುತ್ತಲೇ ಇದ್ದೆ. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಬಂದ ಚಾಳಿ ಅದು. ಅವಳು ನಿಂತಲ್ಲೆಲ್ಲ ಗಾಳಿ ಸೇರಿಕೊಂಡು ಗುಳ್ಳೆ ಎದ್ದಿತು. ಎಣಿಸಿದೆ, ಹದಿಮೂರು.

ಅಷ್ಟರಲ್ಲಿ ಭಾವ ಬಂದರು. ಯಾರೋ ಕಿವಿಗೆ ಊದಿರಬೇಕು. ಬಾಗಿಲು ನೋಡಿ ನಕ್ಕು, ಸ್ಟಿಕ್ಕರ್ ಅಂಟಿಸಲು ಬಾರದವರು ಸ್ಕೂಲ್ ನಡೆಸುತ್ತಾರಂತೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಹೇಳುತ್ತಲೇ ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸತೊಡಗಿದರು.

"ಕೈ ತೆಗೀರಿ ಭಾವ," ಅಂದೆ. "ನೀವು ಕಿತ್ರೆ ನಾಳೆ ಇದಕ್ಕಿಂತ ದೊಡ್ಡದು ಅಂಟಿಸ್ತೀನಿ."

ಅಕ್ಕ ನನ್ನ ಮನೆಯ ಒಳಗೆ ಹೋಗಿ ಹೊಲಿಗೆ ಸೂಜಿ, ಕೂದಲು ಒಣಗಿಸುವ ಡ್ರೈಯರ್ ತಂದಳು. ಗುಳ್ಳೆಯ ಅಂಚಿಗೆ ಸೂಜಿಮೊನೆ ಚುಚ್ಚಿ, ಬಿಸಿಗಾಳಿ ಹಿಡಿದು, ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ಗಾಳಿಯನ್ನು ತೂತಿನ ಕಡೆಗೆ ಸವರಿದಳು. ಗುಳ್ಳೆ ಕೂತಿತು. ಭಾವ ಮನೆಗೆ ನಡಿ ಎಂದರು. ಅವಳು ಎರಡನೆಯದಕ್ಕೆ ಹೋದಳು. ಇನ್ನೊಮ್ಮೆ ಹೇಳಿದರು, ಅವಳು ಐದನೆಯದರಲ್ಲಿದ್ದಳು. ನಾನು ಈ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹದಿಮೂರೂ ಮುಗಿದ ಮೇಲೆ, ಗಂಡ ಎಬ್ಬಿಸಿದ್ದ ಮೂಲೆಯನ್ನೂ ಒತ್ತಿ ಕೂರಿಸಿ, ಕೈ ಒರೆಸಿಕೊಂಡು ಸ್ಟೀರಿಂಗ್ ಮುಂದೆ ಹೋಗಿ ಕೂತಳು. ನಾನು ಪಕ್ಕದ ಸೀಟಿಗೆ ಹತ್ತಿದೆ.

ಭಾವನ ನಗು ಇಂಗಿಹೋಯಿತು. ಕಾರಿಗೆ ಅಡ್ಡ ನಿಂತರು.

"ಇಳಿ. ನನ್ನ ಮರ್ಯಾದೆ ಕಳೀಬೇಡ."

"ದಾರಿ ಬಿಡಿ ರೀ," ಎಂದಳು ಅಕ್ಕ. "ನನಗೆ ಕ್ಲಾಸಿಗೆ ಹೊತ್ತಾಯ್ತು."

ಹಾರ್ನ್ ಒತ್ತಿ ಹಿಡಿದಳು. ಎದುರು ಮನೆಯ ಕಿಟಕಿ ತೆರೆಯಿತು, ಅದರ ಮೇಲಿನದೂ ತೆರೆಯಿತು. ಅವಳು ಬೆರಳು ತೆಗೆಯಲಿಲ್ಲ. ಕೊನೆಗೆ ಭಾವ ಫುಟ್‌ಪಾತಿಗೆ ಸರಿದರು.

ನಾನು ಹೇಳಿಕೊಟ್ಟಂತೆ ಗೇರ್ ಹಾಕಿ, ಕ್ಲಚ್ ಬಿಟ್ಟಳು. ಕಾರು ಕುಪ್ಪಳಿಸಿತು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮುಂದೆ ಬೀದಿ ಖಾಲಿಯಿತ್ತು. ಕಾಲು ಹಿಂದಕ್ಕೆ ಎಳೆದುಕೊಂಡೆ.

"ಹೋಗಕ್ಕ," ಎಂದೆ. "ನಿಲ್ಲಬೇಡ."