ಟವೆಲ್ಲಿನ ಕೆಳಗೆ ಎಂಟು ಮಂದಿ

ಒಂದೂರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳಂತೆ. ದೇವರೇ ಎದುರು ಬಂದು ನಿಂತು ‘ವರ ಕೇಳು’ ಎಂದರೂ ‘ಮೊದಲು ನಿನ್ನ ಬೆನ್ನ ಹಿಂದಿರುವ ಕೈ ತೋರಿಸು’ ಅನ್ನುವಂಥವಳು.

ಆ ಊರು ಕುಷ್ಟಗಿಯಿಂದ ಒಂದು ಹರದಾರಿ ದೂರ. ಅವಳ ಹೆಸರು ಶಿವಬಸಮ್ಮ. ಮನೆಯಲ್ಲಿ ಗಂಡ ಹಂಪಣ್ಣ, ನಾಲ್ಕನೆಯ ತರಗತಿ ಓದುವ ಮೊಮ್ಮಗಳು ಶಿವಲೀಲಾ, ಹಿತ್ತಲಲ್ಲಿ ಗೌರಿ ಎಂಬ ಎಮ್ಮೆ. ಈ ಮೂವರಲ್ಲಿ ಅವಳು ಪೂರಾ ನಂಬಿದ್ದು ಎಮ್ಮೆಯೊಂದನ್ನೇ. ತಾಯಿ ಸತ್ತ ಕರುವಾಗಿದ್ದ ಗೌರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡವಳು ಅವಳು. ಮಗ ಪ್ರಭುರಾಜ ಗಿಣಿಗೇರಾದ ಕಾರ್ಖಾನೆಯಿಂದ ವಾರಕ್ಕೊಮ್ಮೆ ಬಂದಾಗಲೆಲ್ಲ, “ಪಾಕೀಟ್ ಹಾಲು ಬಾಗಿಲಿಗೆ ಬರ್ತೈತಿ, ಇದನ್ನ ಕೊಟ್ಟುಬಿಡ್ರಲ್ಲ” ಅನ್ನುತ್ತಿದ್ದ. ಹಂಪಣ್ಣ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಅದಕ್ಕೇ ಶಿವಬಸಮ್ಮ ಅವನ ಮೇಲೆ ಒಂದು ಕಣ್ಣಿಟ್ಟೇ ಇರುತ್ತಿದ್ದಳು.

ಒಂದು ಸೋಮವಾರ ಶಿವಲೀಲಾ ಇಂಗ್ಲಿಷ್ ಪುಸ್ತಕದ ಮೇಲೆ ಕಣ್ಣೀರು ಸುರಿಸುತ್ತ ಕೂತಳು. ಇಂಗ್ಲಿಷಿನ ಶಬ್ದಗಳಲ್ಲಿ ಎಂಟು ಬಗೆಯಂತೆ. ಒಂದೇ ವಾಕ್ಯದಲ್ಲಿ ಎಂಟನ್ನೂ ತಂದು, ಯಾವುದು ಯಾವುದೆಂದು ಶನಿವಾರ ತೋರಿಸಬೇಕಂತೆ.

“ಅಳಬ್ಯಾಡವ್ವ. ಶುಕ್ರವಾರ ಸಂಜಿಯೊಳಗ ನಾ ಕಲಿಸ್ತೀನಿ. ಮಾತು ಕೊಟ್ಟೆ ತಗೋ,” ಎಂದ ಹಂಪಣ್ಣ.

ರೊಟ್ಟಿ ಬಡಿಯುತ್ತಿದ್ದ ಶಿವಬಸಮ್ಮ ನಕ್ಕಳು. “ಐದನೇತ್ತ ಎರಡು ಸಲ ನಪಾಸಾಗಿ ಸಾಲಿ ಬಿಟ್ಟಾಂವ ಇಂಗ್ಲಿಷ್ ಕಲಿಸ್ತಾನಂತ! ಓಣ್ಯಾಗ ಹೇಳಬ್ಯಾಡ್ರಿ, ಕೋಳಿ ಸೈತ ನಕ್ಕಾವು.”

ಹಂಪಣ್ಣನ ಮುಖ ಸಣ್ಣದಾಯಿತು. ಟವೆಲ್ ಹೆಗಲಿಗೆ ಹಾಕಿ ಹೊರಗೆ ನಡೆದ.

ಮರುದಿನದಿಂದ ಅವನ ನಡೆಯೇ ಬೇರೆಯಾಯಿತು. ಎಮ್ಮೆಯ ಮೈ ತೊಳೆಯುತ್ತ ತುಟಿ ಆಡಿಸುವನು. ಶಿವಬಸಮ್ಮ ಗೋಡೆಯ ಆಚೆ ಉಸಿರು ಹಿಡಿದು ಕೇಳಿದಳು.

“ಗೌರಿ... ಇದು ಹೆಸರು. ಕರೇದು... ಇದು ಗುಣ. ನಡೀತೈತಿ... ಇದು ಕೆಲಸ. ನಿಧಾನ ನಡೀತೈತಿ...”

ಹೆಸರು, ಗುಣ, ಕೆಲಸ, ನಡಿಗೆ: ಸಂತೆಯಲ್ಲಿ ದಲಾಲಿ ದನದ ವರ್ಣನೆ ಮಾಡುವುದೇ ಹೀಗೆ. ಅವಳ ಅಪ್ಪ ದನದ ದಲಾಲಿಯಾಗಿದ್ದವನು. ಅವಳಿಗೆ ಗೊತ್ತಿಲ್ಲದ್ದೇ?

ಬುಧವಾರ ಕಿರಾಣಿ ಅಂಗಡಿಗೆ ಹೋಗುವಾಗ ಅನುಮಾನಕ್ಕೆ ಕೋಡು ಮೂಡಿತು. ದನದ ವ್ಯಾಪಾರಿ ಯಮನೂರಸಾಬನ ಮನೆಯ ಕಟ್ಟೆಯ ಮೇಲೆ ಹಂಪಣ್ಣ ಕೂತಿದ್ದ. ಇಬ್ಬರ ಬಲಗೈಗಳೂ ಒಂದೇ ಟವೆಲ್ಲಿನ ಕೆಳಗಿದ್ದವು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೋಡುವವರಿಗೆ ತಿಳಿಯದಂತೆ ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಚುಕಿ ಹೇಳುತ್ತಾರೆ. ಅವಳನ್ನು ಕಂಡದ್ದೇ ಹಂಪಣ್ಣ ಕೈ ಎಳೆದುಕೊಂಡು, “ಬಿಸಲು ಭಾಳ ಐತಿ,” ಎಂದ.

“ಕೈಗೂ ಬಿಸಲು ಹತ್ತತೈತೇನ್ರಿ?” ಎಂದಳು ಶಿವಬಸಮ್ಮ.

ಅಂದಿನಿಂದ ಗೌರಿಯ ಹಗ್ಗಕ್ಕೆ ಮೂರು ಗಂಟು ಬಿದ್ದವು. ಮೇವು ಹಾಕುವಾಗಲೆಲ್ಲ ಅದರ ಕಿವಿಯಲ್ಲಿ, “ಯಾರು ಕರೆದ್ರೂ ಹೋಗಬ್ಯಾಡವ್ವ,” ಎಂದು ಹೇಳುವಳು. ಗುರುವಾರವೂ ಅದೇ ಟವೆಲ್, ಅದೇ ಕಟ್ಟೆ. ಈ ಸಲ ಅವಳು ಜಾಲಿಗಿಡದ ಮರೆಯಲ್ಲಿ ನಿಂತು ಬಟ್ಟೆಯ ಅಲುಗಾಟವನ್ನೇ ಲೆಕ್ಕ ಹಾಕಿದಳು. ಒಮ್ಮೆ ತೋರುಬೆರಳು, ಒಮ್ಮೆ ಕಿರುಬೆರಳು, ಮತ್ತೆ ನಡುಬೆರಳು. ಬೆಲೆ ಏರುತ್ತದೆ, ಪಾತಾಳಕ್ಕಿಳಿಯುತ್ತದೆ, ಮತ್ತೆ ಏರುತ್ತದೆ. ಇದೆಂಥ ವ್ಯಾಪಾರ? ಎಮ್ಮೆಯ ಜೊತೆ ಮನೆಯನ್ನೂ ಮಾರುತ್ತಿದ್ದಾನೋ ಏನೋ!

ಶುಕ್ರವಾರ ಮಧ್ಯಾಹ್ನ ಅವಳು ನೇರ ಕಟ್ಟೆಗೇ ಹೋದಳು. ಯಮನೂರಸಾಬ ಕೇಳುತ್ತಿದ್ದ, “ಉಂಗುರಬೆರಳಿನ ಬುಡ. ಹೇಳೋ, ಇವ ಯಾರು?” ಹಂಪಣ್ಣನ ಹಣೆಯಲ್ಲಿ ಬೆವರು.

ಶಿವಬಸಮ್ಮ ಟವೆಲ್ ಕಿತ್ತು ಎಳೆದಳು.

“ಎಷ್ಟಕ್ಕ ಮುಗಿಸಿದ್ರಿ? ನಾ ಸಾಕಿದ ಎಮ್ಮಿ ಮಾರಾಕ ನೀವ್ಯಾರ್ರಿ?”

“ತೋಬಾ ತೋಬಾ! ಯಾವ ಎಮ್ಮಿ ಅಕ್ಕಾ?” ಯಮನೂರಸಾಬ ಎದ್ದೇ ನಿಂತ.

ಹಂಪಣ್ಣ ತಲೆ ಮೇಲೆತ್ತಲಿಲ್ಲ. “ಇಂಗ್ಲಿಷ್ ಕಲೀಲಿಕ್ಕತ್ತೀನಿ. ನೀ ನಗತಿ ಅಂತ ಹೇಳಿದ್ದಿಲ್ಲ, ಓಣ್ಯಾಗಿನವರು ನೋಡಬಾರದಂತ ಟವೆಲ್ ಮುಚ್ಚಿದ್ವಿ.”

“ದನದ ವ್ಯಾಪಾರಿ ಹತ್ರ ಇಂಗ್ಲಿಷ್? ನಾ ಏನು ನಿನ್ನೆ ಹುಟ್ಟೇನೇನು?”

“ಹತ್ತು ವರ್ಷ ನನ್ನ ಮಗಳು ಖುಷ್ಬು ಇದೇ ಕಟ್ಟಿ ಮ್ಯಾಲ ಟ್ಯೂಶನ್ ಹೇಳ್ಯಾಳಕ್ಕ. ಕೇಳಿ ಕೇಳಿ ನಮ್ಮ ಆಡಿಗೂ ಬಾಯಿಪಾಠ ಆಗೈತಿ,” ಎಂದ ಯಮನೂರಸಾಬ. “ಇವಗ ಹಾಳಿ ಮ್ಯಾಲ ಬರೆದ್ರ ತಲೀಗೆ ಹತ್ತವಲ್ದು. ಬೆರಳಿಗೆ ಹತ್ತತೈತಿ.” ಅವನು ತನ್ನ ಅಂಗೈ ಬಿಚ್ಚಿ ತೋರಿಸಿದ. ನಾಲ್ಕು ಬೆರಳು, ತುದಿ ನಾಲ್ಕು, ಬುಡ ನಾಲ್ಕು. ತೋರುಬೆರಳಿನ ತುದಿ ನೌನ್, ಹೆಸರು. ಬುಡ ಪ್ರೊನೌನ್, ಹೆಸರಿನ ಬದಲಿ ಬಂದ ಆಳು. ನಡುಬೆರಳಿನಲ್ಲಿ ವರ್ಬ್, ಕೆಲಸ ಮಾಡುವವನು. ಅವನ ಬೆನ್ನಿಗೆ ಅಡ್ವರ್ಬ್, ಕೆಲಸ ಹೇಗಾಯಿತೆಂದು ಹೇಳುವವನು. ಉಂಗುರಬೆರಳಿನ ತುದಿ ಅಡ್ಜೆಕ್ಟಿವ್, ಗುಣ ಹೇಳುವವನು. ಕಿರುಬೆರಳಿನಲ್ಲಿ ಇಬ್ಬರನ್ನು ಜೋಡಿಸುವ ಕಂಜಂಕ್ಷನ್, ಹೌಹಾರಿ ಕೂಗುವ ಇಂಟರ್ಜೆಕ್ಷನ್.

“ಉಂಗುರಬೆರಳಿನ ಬುಡ ಬಿಟ್ಟಿ,” ಎಂದಳು ಶಿವಬಸಮ್ಮ. ಅವಳ ಕಣ್ಣು ಆ ಬೆರಳಿನ ಮೇಲೇ ಇತ್ತು.

“ಪ್ರಿಪೊಸಿಷನ್. ಯಾವುದು ಎಲ್ಲೈತಿ, ಯಾವ ಕಡೆ ಹೊಂಟೈತಿ ಅಂತ ತೋರಿಸಾಂವ. ನಾಕ ದಿನ ಆತು, ನಿನ್ನ ಗಂಡಗ ಅಂವ ಸಿಗವಲ್ಲ.”

ಅವಳ ಮುಖದ ಬಿಗಿ ಸಡಿಲಲಿಲ್ಲ. “ಸಂಜಿಗೆ ನೋಡ್ತೀನಿ. ಪಾಪ ಆ ಹುಡಿಗಿ ತಲೀಗೆ ಇಳೀದಿದ್ರ ನೀವಿಬ್ಬರೂ ಸುಳ್ಳರೇ.”

ಸಂಜೆ ಅವಳು ಗೌರಿಯ ಹಗ್ಗ ಕೈಯಲ್ಲಿ ಹಿಡಿದೇ ಪಡಸಾಲೆಯ ಬಾಗಿಲಲ್ಲಿ ಕೂತಳು. ಹಂಪಣ್ಣ ಮೊಮ್ಮಗಳ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಹಿಡಿದು ಹೇಳುತ್ತ ಹೋದ. ಶಿವಲೀಲಾ ಕಣ್ಣರಳಿಸಿ ಕೇಳಿದಳು, ತಪ್ಪಿದಳು, ಮತ್ತೆ ಹೇಳಿದಳು, ಕೊನೆಗೆ ಪೆನ್ಸಿಲ್ ಕಚ್ಚಿ ತಾನೇ ಒಂದು ವಾಕ್ಯ ಬರೆದು ಜೋರಾಗಿ ಓದಿದಳು:

“ಓಹ್, ಶೀ ಅಂಡ್ ಬ್ಲ್ಯಾಕ್ ಗೌರಿ ವಾಕ್ ಸ್ಲೋಲಿ ಟು ಕುಷ್ಟಗಿ!”

“ಅಂದ್ರ?”

“ಓಹೋ, ಆಕಿ, ಅಂದ್ರ ನೀನು, ಮತ್ತ ಕರೀ ಗೌರಿ ನಿಧಾನಕ ಕುಷ್ಟಗಿಗೆ ಹೊಂಟೀರಿ, ಅಜ್ಜಿ.”

ಶಿವಬಸಮ್ಮ ಎದ್ದು ನಿಂತಳು. “ಕುಷ್ಟಗಿಗ್ಯಾಕ? ದನದ ಸಂತಿಗೇನು? ನೋಡಿದ್ರಿಲ್ಲೋ, ಕೂಸಿನ ಬಾಯಾಗ ಖರೆ ಬಂತು!”

ಹಂಪಣ್ಣ ಮೊಮ್ಮಗಳ ಉಂಗುರಬೆರಳಿನ ಬುಡವನ್ನು ಮೆಲ್ಲಗೆ ಹಿಡಿದ. ತುಟಿ ಆಡಿಸುತ್ತ ಅದನ್ನು ಎರಡು ಸಲ ಅದುಮಿದ. ಆಮೇಲೆ ಅವನ ಮುಖ ಬೆಳಗಿತು.

“ಇವನ ನೋಡು, ಪ್ರಿಪೊಸಿಷನ್! ‘ಟು’ ಇದ್ರ ಆ ಕಡೆ ಹೋಗೂದು. ಇವನ್ನ ತಗದು ‘ಫ್ರಮ್’ ಹಾಕವ್ವ. ಆ ಕಡಿಯಿಂದ ಬರೂದು ಆಗತೈತಿ. ಎಮ್ಮಿ ಮನಿಗೆ ಬರ್ತೈತಿ.”

ಶಿವಲೀಲಾ ‘ಟು’ ಅಳಿಸಿ ‘ಫ್ರಮ್’ ಎಂದು ಬರೆದಳು. ಶಿವಬಸಮ್ಮ ಬಗ್ಗಿ, ಓದಲು ಬಾರದಿದ್ದರೂ ಆ ಸಣ್ಣ ಶಬ್ದವನ್ನು ಬಹಳ ಹೊತ್ತು ದಿಟ್ಟಿಸಿದಳು.

“ಅಳಿಸಿದ್ದು ಪೂರಾ ಹೋಗೇತಿಲ್ಲ?”

“ಹೋಗೇತಿ ಅಜ್ಜಿ.”

“ಹಂಗಾರ ಬರಿ.”

ಶಿವಲೀಲಾ ಒಂದೊಂದು ಶಬ್ದದ ಕೆಳಗೂ ಅದರ ಹೆಸರು ಬರೆಯುತ್ತ ಹೋಗಿ, ‘ಫ್ರಮ್’ ಕೆಳಗೆ ಎಂಟನೆಯ ‘ಪ್ರಿಪೊಸಿಷನ್’ ಅನ್ನೂ ಬರೆದು ಪುಸ್ತಕ ಮುಚ್ಚಿದಳು.